ತಮ್ಮ ದೇಶವೇ ಮೊದಲು ಎನ್ನುವವರ ಕೂಟ: ಐರೋಪ್ಯ ಸಂಪ್ರದಾಯವಾದಿಗಳು ಒಂದಾಗುವುದು ಎಲ್ಲಿ, ಬೇರೆಯಾಗುವುದು ಎಲ್ಲಿ

2023ರ ಜೂನ್ ಕೊನೆಯಲ್ಲಿ ಐರೋಪ್ಯ ಒಕ್ಕೂಟದ 27 ದೇಶಗಳ ನಾಯಕರು ಬ್ರಸೆಲ್ಸ್‌ನಲ್ಲಿ ಎರಡು ದಿನ ಸಭೆ ಸೇರಿದ್ದರು. ಮೊದಲ ದಿನ ತಡರಾತ್ರಿಯವರೆಗೆ ಮಾತುಕತೆ ನಡೆದರೂ ವಲಸಿಗರ ವಿಷಯದಲ್ಲಿ ಒಮ್ಮತ ಮೂಡಲಿಲ್ಲ. ಮರುದಿನ ಇಟಲಿಯ ಪ್ರಧಾನಿ ಜಾರ್ಜಿಯಾ ಮೆಲೋನಿ ಅವರು ಪೋಲೆಂಡಿನ ಅಂದಿನ ಪ್ರಧಾನಿ ಮತೇವುಷ್ ಮೊರಾವಿಯೆಟ್ಸ್ಕಿ ಮತ್ತು ಹಂಗೆರಿಯ ವಿಕ್ಟರ್ ಒರ್ಬಾನ್ ಅವರೊಂದಿಗೆ ಪ್ರತ್ಯೇಕವಾಗಿ ಕುಳಿತು ಮನವೊಲಿಸಲು ಯತ್ನಿಸಿದರು. ಕಡಲು ದಾಟಿ ಬರುವ ವಲಸಿಗರ ಹೊರೆಯನ್ನು ಉಳಿದ ದೇಶಗಳೂ ಹಂಚಿಕೊಳ್ಳಬೇಕು, ಇಲ್ಲವಾದರೆ ಹಣದ ರೂಪದಲ್ಲಾದರೂ ನೆರವಾಗಬೇಕು ಎಂಬ ಏರ್ಪಾಡು ಇಟಲಿಗೆ ಬೇಕಿತ್ತು. ಪೋಲೆಂಡ್ ಮತ್ತು ಹಂಗೆರಿಗೆ ಅದೇ ಬೇಡವಾಗಿತ್ತು. ಪ್ರಯತ್ನ ಫಲಿಸಲಿಲ್ಲ. ವಲಸೆ ಕುರಿತ ಭಾಗವು ಎಲ್ಲ ನಾಯಕರ ಜಂಟಿ ನಿರ್ಣಯದಲ್ಲಿ ಸೇರದೆ, ಸಭೆಯ ಅಧ್ಯಕ್ಷ ಶಾರ್ಲ್ ಮಿಷೆಲ್ ಅವರೊಬ್ಬರ ಹೆಸರಿನಲ್ಲಿ ಹೊರಬಂದಿತು. ತಮ್ಮ ರಾಷ್ಟ್ರದ ಹಿತವನ್ನು ಕಾಯುವವರ ಬಗ್ಗೆ ತಮಗೆಂದೂ ನಿರಾಶೆಯಾಗುವುದಿಲ್ಲ ಎಂಬ ಅರ್ಥದ ಮಾತನ್ನು ಮೆಲೋನಿ ಆಮೇಲೆ ಹೇಳಿದರು.

ಒರ್ಬಾನ್ ಅವರನ್ನು ಬದಿಗಿಟ್ಟು ಉಳಿದಿಬ್ಬರನ್ನು ಗಮನಿಸಬೇಕು. ಮೆಲೋನಿ ಆಗ ‘ಯುರೋಪಿಯನ್ ಕನ್ಸರ್ವೇಟಿವ್ಸ್ ಆ್ಯಂಡ್ ರಿಫಾರ್ಮಿಸ್ಟ್ಸ್’, ಅಂದರೆ ಇಸಿಆರ್ ಎಂಬ ಐರೋಪ್ಯ ಪಕ್ಷದ ಅಧ್ಯಕ್ಷೆಯಾಗಿದ್ದರು. ಮೊರಾವಿಯೆಟ್ಸ್ಕಿ ಅವರ ‘ಲಾ ಆ್ಯಂಡ್ ಜಸ್ಟಿಸ್’ ಪಕ್ಷ ಅದೇ ಕೂಟದ ಇನ್ನೊಂದು ಕಂಬ. ಒಂದೇ ಕೂಟದ ಇಬ್ಬರು ಪ್ರಧಾನಿಗಳು, ಇಬ್ಬರೂ ವಲಸೆಯನ್ನು ಬಿಗಿಯಾಗಿ ತಡೆಯಬೇಕೆಂದು ಪ್ರಚಾರ ಮಾಡಿ ಅಧಿಕಾರಕ್ಕೆ ಬಂದವರು. ಆದರೂ ವಲಸೆಯ ವಿಷಯದಲ್ಲೇ ಎದುರುಬದುರಾದರು. ಇದನ್ನು ಇಬ್ಬರು ನಾಯಕರ ನಡುವಿನ ಭಿನ್ನಮತ ಎಂದಷ್ಟೇ ಓದಿದರೆ ಸಾಲದು. ಪ್ರತಿಯೊಬ್ಬ ಸದಸ್ಯನೂ ‘ನನ್ನ ದೇಶವೇ ಮೊದಲು’ ಎನ್ನುವ ಕೂಟವು ಸಮಾನ ವಿಚಾರದ ಬಲದಿಂದ ಎಷ್ಟು ನಿಲ್ಲುತ್ತದೆ, ಸಂಸತ್ತಿನ ನಿಯಮ ಮತ್ತು ಲೆಕ್ಕಾಚಾರದ ಬಲದಿಂದ ಎಷ್ಟು ನಿಲ್ಲುತ್ತದೆ ಎಂಬುದು ಇಲ್ಲಿರುವ ಪ್ರಶ್ನೆ. ಎರಡನೆಯದರ ಪಾಲೇ ದೊಡ್ಡದು ಎಂಬುದು ನನ್ನ ತಿಳಿವಳಿಕೆ. ಹಾಗೆಂದು ಈ ಕೂಟ ದುರ್ಬಲ ಎಂದು ಭಾವಿಸುವುದು ತಪ್ಪಾಗುತ್ತದೆ. ಇಂದು ಅದರ ತೂಕ ಹಿಂದೆಂದಿಗಿಂತ ಹೆಚ್ಚಿದೆ.

ಈ ಕೂಟದ ಬೇರು ಬ್ರಿಟನ್ನಿನಲ್ಲಿದೆ. 1988ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂನ ಬ್ರೂಜ್ ಪಟ್ಟಣದಲ್ಲಿ ಅಂದಿನ ಬ್ರಿಟಿಷ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮಾಡಿದ ಭಾಷಣವನ್ನು ಯುರೋಪಿನ ಸಂಪ್ರದಾಯವಾದಿಗಳು ಇಂದಿಗೂ ನೆನೆಯುತ್ತಾರೆ. ಬ್ರಿಟನ್ನಿನಲ್ಲಿ ಸರ್ಕಾರದ ಹಸ್ತಕ್ಷೇಪವನ್ನು ಹಿಮ್ಮೆಟ್ಟಿಸಿದ ತಾವು, ಅದೇ ಹಸ್ತಕ್ಷೇಪ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಿಂದ ಮತ್ತೆ ಹೇರಲ್ಪಡುವುದನ್ನು ಒಪ್ಪಲಾರೆವು ಎಂಬುದು ಅದರ ತಿರುಳಾಗಿತ್ತು. ಆದರೂ ಅವರ ಕನ್ಸರ್ವೇಟಿವ್ ಪಕ್ಷದ ಸಂಸದರು 1992ರಿಂದ ಐರೋಪ್ಯ ಸಂಸತ್ತಿನಲ್ಲಿ ಜರ್ಮನಿಯ ಕ್ರಿಶ್ಚಿಯನ್ ಡೆಮಾಕ್ರಾಟರು ಮುನ್ನಡೆಸುತ್ತಿದ್ದ ‘ಯುರೋಪಿಯನ್ ಪೀಪಲ್ಸ್ ಪಾರ್ಟಿ’ಯ, ಅಂದರೆ ಇಪಿಪಿಯ ಜೊತೆ ಕುಳಿತಿದ್ದರು. ಇಪಿಪಿ ಒಕ್ಕೂಟವನ್ನು ಇನ್ನಷ್ಟು ಬೆಸೆಯಬೇಕೆನ್ನುವ ಗುಂಪು. 2005ರಲ್ಲಿ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದ ಡೇವಿಡ್ ಕ್ಯಾಮರೂನ್ ಈ ಸಖ್ಯ ಕಡಿದುಕೊಳ್ಳುವುದಾಗಿ ಮಾತು ಕೊಟ್ಟರು. ಪಕ್ಷದೊಳಗಿನ ಒಕ್ಕೂಟ ವಿರೋಧಿಗಳ ಮತ ಅವರಿಗೆ ಬೇಕಿತ್ತು. ಆ ಮಾತಿನಂತೆ 2009ರ ಐರೋಪ್ಯ ಸಂಸತ್ತಿನ ಚುನಾವಣೆಯ ಬೆನ್ನಲ್ಲೇ ಪೋಲೆಂಡಿನ ‘ಲಾ ಆ್ಯಂಡ್ ಜಸ್ಟಿಸ್’ ಮತ್ತು ಜೆಕ್ ದೇಶದ ಸಿವಿಕ್ ಡೆಮಾಕ್ರಟಿಕ್ ಪಕ್ಷದೊಂದಿಗೆ ಸೇರಿ ಇಸಿಆರ್ ಗುಂಪು ಹುಟ್ಟಿತು. ರಾಷ್ಟ್ರಗಳ ಸಾರ್ವಭೌಮತ್ವ, ಫೆಡರಲ್ ಯುರೋಪಿಗೆ (ಎಲ್ಲ ದೇಶಗಳೂ ಒಂದೇ ಕೇಂದ್ರ ಸರ್ಕಾರದಡಿ ಬರುವುದಕ್ಕೆ) ವಿರೋಧ, ಮುಕ್ತ ವ್ಯಾಪಾರ, ಕುಟುಂಬದ ಮಹತ್ವ, ನೇಟೊ ಮೇಲಿನ ನಿಷ್ಠೆ, ವಲಸೆಯ ಮೇಲೆ ಹತೋಟಿ ಇವುಗಳನ್ನು ಹೇಳುವ ‘ಪ್ರಾಗ್ ಘೋಷಣೆ’ ಅದರ ತಳಹದಿಯಾಯಿತು.

ಇಲ್ಲಿ ಐರೋಪ್ಯ ಸಂಸತ್ತಿನ ಒಂದು ನಿಯಮವನ್ನು ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಅಲ್ಲಿ ಸಂಸದರು ದೇಶವಾರು ಕೂರುವುದಿಲ್ಲ, ರಾಜಕೀಯ ಗುಂಪುಗಳಾಗಿ ಕೂರುತ್ತಾರೆ. ಗುಂಪೆಂದು ಮಾನ್ಯತೆ ಸಿಗಬೇಕಾದರೆ ಇಂದು ಕನಿಷ್ಠ 23 ಸದಸ್ಯರಿರಬೇಕು ಮತ್ತು ಅವರು ಕನಿಷ್ಠ ಏಳು ದೇಶಗಳಿಂದ ಬಂದಿರಬೇಕು. ಮಾನ್ಯತೆ ಸಿಕ್ಕರೆ ಸಿಬ್ಬಂದಿ, ಹಣ, ಸದನದಲ್ಲಿ ಮಾತನಾಡುವ ಸಮಯ, ಸಮಿತಿಗಳ ಅಧ್ಯಕ್ಷತೆಯಲ್ಲಿ ಪಾಲು, ಕಾನೂನಿನ ಕರಡನ್ನು ಸದನದಲ್ಲಿ ಮುನ್ನಡೆಸುವ ಅವಕಾಶ ಎಲ್ಲವೂ ಸಂಖ್ಯಾಬಲದ ಅನುಪಾತದಲ್ಲಿ ಒದಗುತ್ತವೆ. ಯಾವ ಗುಂಪಿಗೂ ಸೇರದ ಸಂಸದರದ್ದು ಲೆಕ್ಕಕ್ಕುಂಟು ಆಟಕ್ಕಿಲ್ಲ ಎನ್ನುವ ಸ್ಥಿತಿ. ಹೀಗಾಗಿ ಬ್ರಸೆಲ್ಸ್‌ನ ಅಧಿಕಾರವನ್ನು ಕುಗ್ಗಿಸಬೇಕೆನ್ನುವ ಪಕ್ಷವೂ ಬ್ರಸೆಲ್ಸ್‌ನಲ್ಲಿ ಪ್ರಭಾವ ಬೀರಬೇಕಾದರೆ ಬೇರೆ ಆರು ದೇಶಗಳಲ್ಲಿ ಮಿತ್ರರನ್ನು ಹುಡುಕಲೇಬೇಕು. 2009ರ ಇಸಿಆರ್‌ನಲ್ಲಿ ಬ್ರಿಟನ್, ಪೋಲೆಂಡ್, ಜೆಕ್ ದೇಶಗಳ ಮೂರು ಪಕ್ಷಗಳದ್ದೇ ಸಿಂಹಪಾಲು; ದೇಶಗಳ ಸಂಖ್ಯೆ ತುಂಬಿದ್ದು ತಲಾ ಒಬ್ಬೊಬ್ಬರಾಗಿ ಬಂದು ಸೇರಿದವರಿಂದ. ಹಾಗೆ ಒಬ್ಬರೇ ಬಂದವರಲ್ಲಿ ಲ್ಯಾಟ್ವಿಯಾದ ರಾಬರ್ಟ್ಸ್ ಜೀಲೆ ಕೂಡ ಇದ್ದರು. ಅವರು 2024ರಲ್ಲಿ ಐರೋಪ್ಯ ಸಂಸತ್ತಿನ ಉಪಾಧ್ಯಕ್ಷರಲ್ಲೊಬ್ಬರಾಗಿ ಆಯ್ಕೆಯಾದರು.

ಇಪಿಪಿಯನ್ನು ತೊರೆದದ್ದಕ್ಕೆ ಕ್ಯಾಮರೂನ್ ಬೆಲೆ ತೆತ್ತರು. ಒಕ್ಕೂಟದ ಶೃಂಗಸಭೆಗೆ ಮುನ್ನ ಇಪಿಪಿಯ ಪ್ರಧಾನಿಗಳು ಒಂದೆಡೆ ಸೇರಿ ಮುಖ್ಯ ನಿರ್ಧಾರಗಳ ಬಗ್ಗೆ ಮಾತಾಡಿಕೊಳ್ಳುವುದು ರೂಢಿ. ಆ ಕೋಣೆಗೆ ಬ್ರಿಟನ್ನಿನ ಪ್ರಧಾನಿಗೆ ಪ್ರವೇಶವಿರಲಿಲ್ಲ. 2014ರಲ್ಲಿ ಇಪಿಪಿ ಲಕ್ಸೆಂಬರ್ಗಿನ ಜಾನ್ ಕ್ಲಾಡ್ ಯುಂಕರ್ ಅವರನ್ನು ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗದ ಅಧ್ಯಕ್ಷ ಸ್ಥಾನಕ್ಕೆ ಮುಂದಿಟ್ಟಾಗ ಕ್ಯಾಮರೂನ್ ಬಲವಾಗಿ ವಿರೋಧಿಸಿದರು. ಮತದಾನದಲ್ಲಿ 26 ದೇಶಗಳು ಯುಂಕರ್ ಪರ ನಿಂತವು, ಬ್ರಿಟನ್ ಜೊತೆಗಿದ್ದದ್ದು ಹಂಗೆರಿ ಮಾತ್ರ. ಇಸಿಆರ್ ಆ ವರ್ಷ 70 ಸ್ಥಾನಗಳೊಂದಿಗೆ ಸಂಸತ್ತಿನ ಮೂರನೆಯ ದೊಡ್ಡ ಗುಂಪಾಗಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಂಸತ್ತಿನಲ್ಲಿ ಸಂಖ್ಯೆಯಿತ್ತು, ನಿರ್ಧಾರ ಆಗುವ ಜಾಗದಲ್ಲಿ ನೆಂಟರಿರಲಿಲ್ಲ. ಎರಡು ವರ್ಷಗಳ ನಂತರ, 2016ರ ಜೂನ್ 23ರಂದು, ಬ್ರಿಟನ್ನಿನ ಶೇ 51.9ರಷ್ಟು ಮತದಾರರು ಒಕ್ಕೂಟವನ್ನೇ ಬಿಡಲು ತೀರ್ಮಾನಿಸಿದರು. 2020ರ ಜನವರಿ 31ರಂದು ಬ್ರಿಟನ್ ಹೊರನಡೆದಾಗ, ಕೂಟವನ್ನು ಕಟ್ಟಿದ ಪಕ್ಷವೇ ಕೂಟದಲ್ಲಿ ಇರಲಿಲ್ಲ.

ಸ್ಥಾಪಕರು ಎದ್ದುಹೋದ ಮೇಲೆ ಇಂಥ ಕೂಟಗಳು ಸಾಮಾನ್ಯವಾಗಿ ಒಡೆಯುತ್ತವೆ. ಇದು ಒಡೆಯದಿರಲು ಕಾರಣವಿದೆ. ಬ್ರಿಟನ್ನಿನ ಕನ್ಸರ್ವೇಟಿವರಿಗೆ ಒಕ್ಕೂಟವನ್ನು ಬಿಡುವುದು ಒಂದು ನಿಜವಾದ ಆಯ್ಕೆಯಾಗಿತ್ತು. ಪೋಲೆಂಡ್, ಜೆಕ್, ಬಾಲ್ಟಿಕ್ ದೇಶಗಳ ಪಕ್ಷಗಳಿಗೆ ಅದು ಆಯ್ಕೆಯೇ ಅಲ್ಲ. ಸೋವಿಯತ್ ನೆರಳಿನಿಂದ ಹೊರಬಂದ ಆ ದೇಶಗಳಿಗೆ ಒಕ್ಕೂಟದ ಸದಸ್ಯತ್ವವೆಂದರೆ ರಸ್ತೆ, ರೈಲು, ಕೃಷಿ ಸಹಾಯಧನ, ಪಶ್ಚಿಮ ಯುರೋಪಿನಲ್ಲಿ ಕೆಲಸ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ರಷ್ಯಾದಿಂದ ದೂರ. ಆದ್ದರಿಂದಲೇ ಅವರು ತಮ್ಮನ್ನು ಒಕ್ಕೂಟದ ವಿರೋಧಿಗಳೆಂದು ಕರೆದುಕೊಳ್ಳುವುದಿಲ್ಲ, ‘ಯೂರೋ ವಾಸ್ತವವಾದಿ’ಗಳು ಎನ್ನುತ್ತಾರೆ. ಈ ಪದ 2001ರಷ್ಟು ಹಿಂದೆಯೇ ಜೆಕ್ ಪಕ್ಷದ ಪ್ರಣಾಳಿಕೆಯಲ್ಲಿ ಬಳಕೆಗೆ ಬಂದಿತ್ತು. ಒಳಗೇ ಇರಬೇಕು, ಆದರೆ ಅಧಿಕಾರ ಬ್ರಸೆಲ್ಸ್‌ನಿಂದ ರಾಜಧಾನಿಗಳಿಗೆ ಮರಳಬೇಕು ಎಂಬುದು ಅದರ ಸಾರ. ಬ್ರಿಟನ್ ಹೋದ ಮೇಲೆ ಈ ನಿಲುವೇ ಕೂಟದ ನಿಲುವಾಯಿತು. 2020ರ ಸೆಪ್ಟೆಂಬರಿನಲ್ಲಿ ಮೆಲೋನಿ ಅಧ್ಯಕ್ಷೆಯಾದರು; ಎರಡು ವರ್ಷಗಳಲ್ಲಿ ಅವರು ಇಟಲಿಯ ಪ್ರಧಾನಿಯೂ ಆದರು.

ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪ್ರಶ್ನೆ ಈ ಕೂಟವನ್ನು ಮೊದಲಿನಿಂದಲೂ ಕಾಡಿದೆ. ಜರ್ಮನಿಯ ಎಎಫ್‌ಡಿ ಪಕ್ಷ 2014ರಲ್ಲಿ ಸೇರಿ 2016ರಲ್ಲಿ ಹೊರಬಿತ್ತು. 2021ರ ಜುಲೈನಲ್ಲಿ ಒರ್ಬಾನ್, ಫ್ರಾನ್ಸಿನ ಮರೀನ್ ಲೆ ಪೆನ್, ಮೆಲೋನಿ ಮತ್ತು ಪೋಲೆಂಡಿನ ನಾಯಕರು ಸೇರಿದಂತೆ 16 ಪಕ್ಷಗಳು ಯುರೋಪಿನ ಭವಿಷ್ಯದ ಬಗ್ಗೆ ಜಂಟಿ ಹೇಳಿಕೆಗೆ ಸಹಿ ಹಾಕಿದಾಗ, ಬಲಪಂಥವೆಲ್ಲ ಒಂದೇ ಸೂರಿನಡಿ ಬರಲಿದೆ ಎಂದು ಹಲವರು ನಂಬಿದರು. ಏಳೂವರೆ ತಿಂಗಳ ಬಳಿಕ, 2022ರ ಫೆಬ್ರುವರಿ 24ರಂದು, ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ಮಾಡಿತು. ಆ ದಿನದ ನಂತರ ಬಲಪಂಥದ ನಡುವೆ ಒಂದು ಗೆರೆ ಬಿತ್ತು. ಇಸಿಆರ್‌ನ ಬಹುತೇಕ ಪಕ್ಷಗಳು ಉಕ್ರೇನಿನ ಪರ ಗಟ್ಟಿಯಾಗಿ ನಿಂತವು; ಒರ್ಬಾನ್ ನಿಲ್ಲಲಿಲ್ಲ. ಫಿನ್ಲೆಂಡಿನ ಫಿನ್ಸ್ ಪಕ್ಷ 2023ರಲ್ಲಿ ಲೆ ಪೆನ್ ಅವರ ಗುಂಪನ್ನು ಬಿಟ್ಟು ಇಸಿಆರ್‌ಗೆ ಮರಳಿತು. ರಷ್ಯಾದೊಂದಿಗೆ 1,300 ಕಿಲೋಮೀಟರಿಗೂ ಉದ್ದದ ಗಡಿ ಹಂಚಿಕೊಂಡ ದೇಶದ ಪಕ್ಷಕ್ಕೆ ಅದು ಸಹಜ ನಡೆ. ಒರ್ಬಾನ್ ಇಸಿಆರ್ ಸೇರುವ ಇಂಗಿತ ತೋರಿದಾಗ ಕೂಟದೊಳಗೆ ಪ್ರಬಲ ಆಕ್ಷೇಪ ಎದ್ದಿತು. ಕೊನೆಗೆ 2024ರ ಚುನಾವಣೆಯ ಬಳಿಕ ಅವರು ‘ಪೇಟ್ರಿಯಟ್ಸ್ ಫಾರ್ ಯುರೋಪ್’ ಎಂಬ ಬೇರೆ ಗುಂಪನ್ನೇ ಕಟ್ಟಿದರು. ಸ್ಪೇನಿನ ವೋಕ್ಸ್ ಪಕ್ಷ ತನ್ನ 6 ಸದಸ್ಯರೊಂದಿಗೆ ಇಸಿಆರ್ ಬಿಟ್ಟು ಅಲ್ಲಿಗೆ ಹೋಯಿತು. ಪೇಟ್ರಿಯಟ್ಸ್ 84, ಇಸಿಆರ್ 78. ಆ ಆರು ಮಂದಿ ಉಳಿದಿದ್ದರೆ ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳು ಅದಲುಬದಲಾಗುತ್ತಿದ್ದವು.

ನಾಲ್ಕನೆಯ ಸ್ಥಾನಕ್ಕೆ ಇಳಿದ ಗುಂಪಿನ ತೂಕ ಹೆಚ್ಚಿತೆಂದು ಮೇಲೆ ಹೇಳಿದ್ದು ಹೇಗೆ? 720 ಸ್ಥಾನಗಳ ಸಂಸತ್ತಿನಲ್ಲಿ ಬಹುಮತಕ್ಕೆ 361 ಬೇಕು. 2024ರ ಜುಲೈನ ಲೆಕ್ಕದಂತೆ 188 ಸದಸ್ಯರ ಇಪಿಪಿ, 136ರ ಸೋಷಿಯಲಿಸ್ಟರು ಮತ್ತು 77ರ ಉದಾರವಾದಿಗಳು ಸೇರಿದರೆ 401 ಆಗುತ್ತದೆ. ದಶಕಗಳಿಂದ ಸಂಸತ್ತನ್ನು ನಡೆಸಿದ ಮಧ್ಯಮ ಪಂಥದ ಮೈತ್ರಿ ಇದೇ. ಆದರೆ ಈ ಬಾರಿ ಇನ್ನೊಂದು ಲೆಕ್ಕವೂ ಕೂಡುತ್ತದೆ. ಇಪಿಪಿಯ 188ಕ್ಕೆ ಇಸಿಆರ್‌ನ 78, ಪೇಟ್ರಿಯಟ್ಸ್‌ನ 84, ಎಎಫ್‌ಡಿ ಇರುವ ಗುಂಪಿನ 25 ಸೇರಿಸಿದರೆ 375. ಅಂದರೆ ಇಪಿಪಿ ಎಡಕ್ಕೆ ಹೊರಳಿದರೂ ಬಹುಮತ, ಬಲಕ್ಕೆ ಹೊರಳಿದರೂ ಬಹುಮತ. ಬಲಕ್ಕೆ ಹೊರಳುವಾಗ ದಾಟಬೇಕಾದ ಸೇತುವೆ ಇಸಿಆರ್. ಪೇಟ್ರಿಯಟ್ಸ್ ಗುಂಪಿಗೆ ಸಮಿತಿಗಳ ಅಧ್ಯಕ್ಷತೆ ಸಿಗದಂತೆ ಉಳಿದವರು ನೋಡಿಕೊಂಡರು. ಇಸಿಆರ್‌ಗೆ ಸಂಸತ್ತಿನ ಎರಡು ಉಪಾಧ್ಯಕ್ಷ ಸ್ಥಾನಗಳೂ ಬಜೆಟ್, ಕೃಷಿ ಮತ್ತು ಅರ್ಜಿಗಳ ಸಮಿತಿಗಳ ಅಧ್ಯಕ್ಷತೆಯೂ ದಕ್ಕಿದವು. ಕ್ಯಾಮರೂನ್ ಅವರಿಗೆ ಮುಚ್ಚಿದ್ದ ಬಾಗಿಲು ಮೆಲೋನಿಯವರಿಗೆ ತೆರೆಯಿತು. ಅವರ ಪಕ್ಷ 2024ರ ಜುಲೈನಲ್ಲಿ ಆಯೋಗದ ಅಧ್ಯಕ್ಷೆ, ಇಪಿಪಿಯ ಉರ್ಸುಲಾ ಫಾನ್ ಡೆರ್ ಲಯೆನ್ ಅವರ ಮರುಆಯ್ಕೆಯ ವಿರುದ್ಧ ಮತ ಹಾಕಿತು. ಹಾಗಿದ್ದೂ ನಾಲ್ಕು ತಿಂಗಳಲ್ಲಿ ಅದೇ ಪಕ್ಷದ ರಫಾಯೆಲೆ ಫಿಟ್ಟೊ ಆಯೋಗದ ಕಾರ್ಯಕಾರಿ ಉಪಾಧ್ಯಕ್ಷರಾದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಈ ನಡೆ ಮೆಲೋನಿಯವರ ರಾಜಕಾರಣದ ಗುರುತು. ಅವರ ನಂತರ, 2025ರ ಜನವರಿಯಲ್ಲಿ, ಇಸಿಆರ್ ಪಕ್ಷದ ಅಧ್ಯಕ್ಷರಾದವರು ಮೊರಾವಿಯೆಟ್ಸ್ಕಿ.

ಈ ಸೇತುವೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ 2025ರ ಶರತ್ಕಾಲದ ಒಂದು ಪ್ರಸಂಗ ಸಾಕು. ದೊಡ್ಡ ಕಂಪನಿಗಳು ತಮ್ಮ ಸರಬರಾಜು ಸರಪಳಿಯಲ್ಲಿ ಮಾನವ ಹಕ್ಕು ಮತ್ತು ಪರಿಸರಕ್ಕೆ ಆಗುವ ಹಾನಿಯನ್ನು ಗುರುತಿಸಿ ತಡೆಯಬೇಕೆಂಬ ಕಾನೂನನ್ನು ಸಡಿಲಿಸುವ ಪ್ರಸ್ತಾವ ಸಂಸತ್ತಿನ ಮುಂದಿತ್ತು. ಇಪಿಪಿ, ಸೋಷಿಯಲಿಸ್ಟರು, ಉದಾರವಾದಿಗಳು ಒಂದು ರಾಜಿಸೂತ್ರಕ್ಕೆ ಬಂದಿದ್ದರು. ಅಕ್ಟೋಬರ್ 22ರಂದು ನಡೆದ ಗುಪ್ತ ಮತದಾನದಲ್ಲಿ ಅದು 309–318ರಲ್ಲಿ, ಕೇವಲ 9 ಮತಗಳಿಂದ ಬಿದ್ದುಹೋಯಿತು. ಮೂರು ವಾರಗಳ ಬಳಿಕ, ನವೆಂಬರ್ 13ರಂದು, ಇಪಿಪಿ ತನ್ನ ಬಲಕ್ಕಿರುವ ಗುಂಪುಗಳ ಬೆಂಬಲದೊಂದಿಗೆ ಇನ್ನಷ್ಟು ಸಡಿಲವಾದ ಪಠ್ಯವನ್ನು 382–249ರಲ್ಲಿ ಗೆಲ್ಲಿಸಿತು. ಈ ಕಾನೂನು ಯುರೋಪಿನ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅವರಿಗೆ ಬಟ್ಟೆ, ಚರ್ಮ, ಬಿಡಿಭಾಗ ಒದಗಿಸುವ ಏಷ್ಯಾದ ಕಾರ್ಖಾನೆಗಳ ಕೆಲಸಗಾರರ ಸ್ಥಿತಿಗತಿಯನ್ನು ಯಾರು ಕೇಳಬೇಕು ಎಂಬ ಪ್ರಶ್ನೆಯೂ ಅದರೊಳಗಿದೆ. ಆ ಹೊಣೆಯನ್ನು ಹಗುರ ಮಾಡಿದ್ದು ದುಡಿಯುವವರ ದೃಷ್ಟಿಯಿಂದ ಹಿನ್ನಡೆ ಎಂದೇ ನಾನು ಭಾವಿಸುತ್ತೇನೆ.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರಿಗೆ ಈ ಮತಗಣಿತ ಇನ್ನೂ ಹತ್ತಿರದ್ದು. ಭಾರತದ ಕಾಫಿಯ ಸುಮಾರು ಶೇ 70ರಷ್ಟು ಕರ್ನಾಟಕದಲ್ಲಿ ಬೆಳೆಯುತ್ತದೆ. ಅದರ ಅತಿ ದೊಡ್ಡ ಖರೀದಿದಾರ ದೇಶ ಇಟಲಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೊ, ರಬ್ಬರ್ ಮುಂತಾದವನ್ನು ತನ್ನ ಮಾರುಕಟ್ಟೆಗೆ ಬಿಡಕೂಡದೆಂದು ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಅದರ ಪ್ರಕಾರ ಪ್ರತಿ ತೋಟದ ಸ್ಥಾನವನ್ನು ಅಕ್ಷಾಂಶ ರೇಖಾಂಶ ಸಹಿತ ದಾಖಲಿಸಬೇಕು. 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಗಡಿಯನ್ನೇ ಗುರುತಿಸಬೇಕು. ಸಿಲ್ವರ್ ಓಕ್, ಹಲಸು, ಬೀಟೆ ಮರಗಳ ನೆರಳಿನಲ್ಲಿ ಮೂರು ನಾಲ್ಕು ಎಕರೆ ರೊಬಸ್ಟಾ ಬೆಳೆಯುವವನು ಕಾಡು ಕಡಿದವನಲ್ಲ. ಆದರೆ ಅದನ್ನು ಕಾಗದದಲ್ಲಿ ತೋರಿಸುವುದು ಅವನಿಗೆ ಸುಲಭವಲ್ಲ. ಪಹಣಿ ಇನ್ನೂ ತಾತನ ಹೆಸರಿನಲ್ಲಿರುತ್ತದೆ, ಕೊಡಗಿನ ಜಮ್ಮಾ ಜಮೀನಿನಲ್ಲಾದರೆ ಒಂದೇ ದಾಖಲೆಯಲ್ಲಿ ಇಡೀ ಕುಟುಂಬದ ಹೆಸರುಗಳಿರುತ್ತವೆ. ಈ ಕಾನೂನಿನ ಜಾರಿಯನ್ನು 2024ರಲ್ಲಿ ಒಂದು ವರ್ಷ, 2025ರ ಕೊನೆಯಲ್ಲಿ ಮತ್ತೊಂದು ವರ್ಷ ಮುಂದೂಡಲಾಯಿತು. 2024ರ ನವೆಂಬರಿನಲ್ಲಿ ಇಪಿಪಿ ಮತ್ತು ಅದರ ಬಲಕ್ಕಿರುವ ಗುಂಪುಗಳು ಸೇರಿ ‘ಅಪಾಯವಿಲ್ಲದ ದೇಶ’ ಎಂಬ ಹೊಸ ವರ್ಗವನ್ನೂ ಸೇರಿಸಲು ಮತ ಹಾಕಿದ್ದವು. ಮುಂದಿನ ತಿಂಗಳ ಮಾತುಕತೆಯಲ್ಲಿ ಅದನ್ನು ಕೈಬಿಡಲಾಯಿತು. ನಮ್ಮ ಬೆಳೆಗಾರನಿಗೆ ಇದರಿಂದ ಕಾಲಾವಕಾಶ ಸಿಕ್ಕಿತು ಎಂಬುದು ನಿಜ. ಆದರೆ ಆ ಮತಗಳು ಬಿದ್ದದ್ದು ಅವನ ಕಷ್ಟ ನೋಡಿ ಅಲ್ಲ, ಯುರೋಪಿನ ಅರಣ್ಯ ಮಾಲೀಕರ ಮತ್ತು ರೈತರ ಹಿತಕ್ಕಾಗಿ ಎಂಬುದನ್ನು ಮರೆಯಬಾರದು. ನಾಳೆ ಅದೇ ರೈತರ ಹಿತ ಭಾರತದ ಸರಕಿಗೆ ಅಡ್ಡ ಬಂದರೆ ಅದೇ ಮತಗಳು ಇನ್ನೊಂದು ಕಡೆ ಬೀಳುತ್ತವೆ; ಭಾರತದೊಂದಿಗಿನ ವ್ಯಾಪಾರ ಒಪ್ಪಂದವೂ ಈ ಸಂಸತ್ತಿನ ಒಪ್ಪಿಗೆಯಿಲ್ಲದೆ ಜಾರಿಗೆ ಬರುವಂತಿಲ್ಲ.

ವಲಸೆಯ ವಿಷಯಕ್ಕೆ ಮರಳಿದರೆ, 2023ರ ಆ ಸೋಲಿನ ನಂತರ ಕೂಟವು ಜಗಳದ ಜಾಗವನ್ನೇ ಬದಲಿಸಿಕೊಂಡಿತು. ಬಂದವರನ್ನು ಹಂಚಿಕೊಳ್ಳುವುದು ಹೇಗೆ ಎಂದು ಚರ್ಚಿಸಿದರೆ ಆ ವರ್ಷ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಬಂದಿಳಿದ ಇಟಲಿಗೂ, ಯುದ್ಧದಿಂದ ಓಡಿಬಂದ ಲಕ್ಷಾಂತರ ಉಕ್ರೇನಿಯನ್ನರಿಗೆ ಆಶ್ರಯ ಕೊಟ್ಟ ಪೋಲೆಂಡಿಗೂ ಹೊಂದಾಣಿಕೆ ಆಗುವುದಿಲ್ಲ. ಬರದಂತೆ ತಡೆಯುವುದು ಹೇಗೆ, ಬಂದವರನ್ನು ಒಕ್ಕೂಟದ ಹೊರಗೇ ಇಡುವುದು ಹೇಗೆ ಎಂದು ಚರ್ಚಿಸಿದರೆ ಎಲ್ಲರೂ ಒಂದೇ. 2023ರ ನವೆಂಬರಿನಲ್ಲಿ ಮೆಲೋನಿ ಅಲ್ಬೇನಿಯಾದೊಂದಿಗೆ ಒಪ್ಪಂದ ಮಾಡಿಕೊಂಡು, ಶೆಂಜಿನ್ ಬಂದರಿನಲ್ಲೂ ಜ್ಯಾಡರ್‌ನಲ್ಲೂ ಇಟಲಿಯ ಕೇಂದ್ರಗಳನ್ನು ತೆರೆದರು. ಇಟಲಿಯ ನ್ಯಾಯಾಲಯಗಳು ಅಲ್ಲಿಗೆ ಸಾಗಿಸಿದವರನ್ನು ಇರಿಸಿಕೊಳ್ಳಲು ಒಪ್ಪದ ಕಾರಣ ಯೋಜನೆ ಕುಂಟಿತು. ಕೇಂದ್ರಗಳು ಬಹುಕಾಲ ಬಹುಪಾಲು ಖಾಲಿಯೇ ಉಳಿದರೂ ಆ ಆಲೋಚನೆ ಮಾತ್ರ ಹರಡಿತು. 2025ರ ಮೇ ತಿಂಗಳಲ್ಲಿ ಮಾನವ ಹಕ್ಕುಗಳ ಐರೋಪ್ಯ ನ್ಯಾಯಾಲಯದ ತೀರ್ಪುಗಳು ತಮ್ಮ ಕೈ ಕಟ್ಟುತ್ತಿವೆ ಎಂದು ಒಂಬತ್ತು ದೇಶಗಳ ನಾಯಕರು ಬರೆದ ಪತ್ರದಲ್ಲಿ ಮೆಲೋನಿಯವರ ಜೊತೆ ಮುಂದಾಳತ್ವ ವಹಿಸಿದವರು ಡೆನ್ಮಾರ್ಕಿನ ಸೋಷಿಯಲ್ ಡೆಮಾಕ್ರಾಟ್ ಪ್ರಧಾನಿ ಮೆಟ್ಟೆ ಫ್ರೆಡರಿಕ್ಸನ್. ಪ್ರತಿಸ್ಪರ್ಧಿಗಳು ತನ್ನ ಮಾತನ್ನು ತಮ್ಮ ಮಾತಾಗಿ ಆಡುವಂತೆ ಮಾಡುವುದು ಒಂದು ಕೂಟಕ್ಕೆ ಸ್ಥಾನಗಳಿಗಿಂತ ದೊಡ್ಡ ಗಳಿಕೆ. ಆಶ್ರಯ ಕೇಳಿ ಬಂದವನ ಅಹವಾಲನ್ನು ಕೇಳುವವರು ಯಾರು ಎಂಬ ಪ್ರಶ್ನೆ ಮಾತ್ರ ಈ ಗಳಿಕೆಯ ಅಡಿಯಲ್ಲಿ ಹೂತುಹೋಗುತ್ತಿದೆ.

ಒಮ್ಮತ ಸಾಧ್ಯವೇ ಆಗದ ವಿಷಯ ಒಂದಿದೆ, ಅದು ಹಣ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಕೋವಿಡ್ ನಂತರದ ಚೇತರಿಕೆ ನಿಧಿಯಲ್ಲಿ ಅತಿ ದೊಡ್ಡ ಪಾಲು, ಸಾಲ ಮತ್ತು ಅನುದಾನ ಸೇರಿ 194 ಬಿಲಿಯನ್ ಯೂರೋ, ಇಟಲಿಯದ್ದು. ಆ ನಿಧಿಗಾಗಿ ಒಕ್ಕೂಟ ಮೊದಲ ಬಾರಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಜಂಟಿಯಾಗಿ ಸಾಲ ಎತ್ತಿತು; ಫೆಡರಲ್ ಯುರೋಪಿನ ಕಡೆಗೆ ಅದಕ್ಕಿಂತ ದೊಡ್ಡ ಹೆಜ್ಜೆ ಇತ್ತೀಚೆಗೆ ಇಟ್ಟದ್ದಿಲ್ಲ. ಮೆಲೋನಿ ಸರ್ಕಾರದಲ್ಲಿ ಆ ಹಣದ ಬಳಕೆಯ ಹೊಣೆ ಹೊತ್ತಿದ್ದ ಸಚಿವರೇ ಫಿಟ್ಟೊ. ‘ಲಾ ಆ್ಯಂಡ್ ಜಸ್ಟಿಸ್’ ಆಡಳಿತದಲ್ಲಿ ನ್ಯಾಯಾಂಗದ ಸ್ವಾತಂತ್ರ್ಯದ ಪ್ರಶ್ನೆಯಿಂದಾಗಿ ತಡೆಹಿಡಿಯಲಾಗಿದ್ದ 137 ಬಿಲಿಯನ್ ಯೂರೋವರೆಗಿನ ಹಣ ಪೋಲೆಂಡಿಗೆ ಮುಕ್ತವಾದದ್ದು ಆ ಪಕ್ಷದ ಎದುರಾಳಿ ಡೊನಾಲ್ಡ್ ಟುಸ್ಕ್ ಅಧಿಕಾರಕ್ಕೆ ಬಂದ ಮೇಲೆ, 2024ರ ಫೆಬ್ರುವರಿಯಲ್ಲಿ. ಉಕ್ರೇನಿನ ಬೆನ್ನಿಗೆ ನಿಂತ ಅದೇ ‘ಲಾ ಆ್ಯಂಡ್ ಜಸ್ಟಿಸ್’ ಸರ್ಕಾರ, ಅಗ್ಗದ ಉಕ್ರೇನ್ ಧಾನ್ಯದಿಂದ ತನ್ನ ರೈತರು ಕಂಗಾಲಾದಾಗ, 2023ರ ಏಪ್ರಿಲಿನಲ್ಲಿ ಅದರ ಆಮದನ್ನು ನಿಷೇಧಿಸಲು ಹಿಂಜರಿದಿರಲಿಲ್ಲ.

2028ರಿಂದ 2034ರವರೆಗಿನ ಏಳು ವರ್ಷಗಳಿಗೆ ಸುಮಾರು ಎರಡು ಟ್ರಿಲಿಯನ್ ಯೂರೋಗಳ ಬಜೆಟ್ಟನ್ನು ಆಯೋಗ 2025ರ ಜುಲೈ 16ರಂದು ಮುಂದಿಟ್ಟಿದೆ. ಕೃಷಿಗೂ ಹಿಂದುಳಿದ ಪ್ರದೇಶಗಳಿಗೂ ಈವರೆಗೆ ಬೇರೆ ಬೇರೆಯಾಗಿದ್ದ ನಿಧಿಗಳನ್ನು ಒಂದುಗೂಡಿಸಿ ದೇಶವಾರು ಯೋಜನೆಗಳ ಮೂಲಕ ಹಂಚುವುದು ಅದರ ಮುಖ್ಯ ಪ್ರಸ್ತಾವ. ಅಧಿಕಾರ ರಾಜಧಾನಿಗಳಿಗೆ ಮರಳಬೇಕೆನ್ನುವ ಕೂಟಕ್ಕೆ ಇದು ಮೇಲ್ನೋಟಕ್ಕೆ ಒಪ್ಪಿಗೆಯಾಗಬೇಕು. ಆದರೆ ಇಸಿಆರ್‌ನಲ್ಲಿ ಒಕ್ಕೂಟಕ್ಕೆ ಪಡೆಯುವುದಕ್ಕಿಂತ ಹೆಚ್ಚು ಕೊಡುವ ಸ್ವೀಡನ್, ಫಿನ್ಲೆಂಡ್ ದೇಶಗಳ ಪಕ್ಷಗಳೂ ಇವೆ, ಕೊಡುವುದಕ್ಕಿಂತ ಹೆಚ್ಚು ಪಡೆಯುವ ಪೋಲೆಂಡ್, ರುಮೇನಿಯಾದ ಪಕ್ಷಗಳೂ ಇವೆ. ಮೊದಲನೆಯವರಿಗೆ ಬಜೆಟ್ಟಿನ ಗಾತ್ರವೇ ಅತಿಯಾಯಿತು. ಎರಡನೆಯವರಿಗೆ ರೈತರಿಗೆಂದೇ ಮೀಸಲಿದ್ದ ಹಣ ಬೇರೆಡೆಗೆ ಹರಿದೀತೆಂಬ ಭಯ. ಸಂಸತ್ತಿನ ಈ ಅವಧಿಯ ಆರಂಭದಲ್ಲಿ ಬಜೆಟ್ ಸಮಿತಿಯ ಅಧ್ಯಕ್ಷತೆ ಕೂಟದ ಬೆಲ್ಜಿಯಂ ಸದಸ್ಯ ಯೋಹಾನ್ ವಾನ್ ಓವರ್ಟ್‌ವೆಲ್ಟ್ ಅವರಿಗೆ ಹೋಯಿತು, ಕೃಷಿ ಸಮಿತಿಯದ್ದು ಜೆಕ್ ಸದಸ್ಯೆ ವೆರೋನಿಕಾ ವ್ರೆಟ್ಸಿಯೊನೊವಾ ಅವರಿಗೆ. ಬಜೆಟ್ಟಿಗೆ 27 ದೇಶಗಳೂ ಒಪ್ಪಬೇಕು, ಸಂಸತ್ತೂ ಒಪ್ಪಬೇಕು. 2023ರ ಆ ಬ್ರಸೆಲ್ಸ್ ಸಭೆಯಲ್ಲಿ ಮಾಡಿದಂತೆ ವಿವಾದದ ಭಾಗವನ್ನು ಸಭಾಧ್ಯಕ್ಷರೊಬ್ಬರ ಹೆಸರಿನಲ್ಲಿ ಪ್ರಕಟಿಸಿ ಎದ್ದುಹೋಗಲು ಇಲ್ಲಿ ದಾರಿಯಿಲ್ಲ.